ಎರಡು ಮಿಲಿಮೀಟರ್ ಗೊಂದಲ: ಬನವಾಸಿ ಬದಿಯ ಕೆರೆಯಂಚಿನ ಒಂದು ಹಾವಸೆ ಪ್ರಕರಣ

ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿ ಮುಖ್ಯರಸ್ತೆ ಬಿಟ್ಟು ಒಳಗೆ ಇಳಿದರೆ ನನ್ನ ಸೋದರಮಾವನ ಊರು. ಊರ ಕೆಳಗೊಂದು ಕೆರೆ. 2023ರ ನವೆಂಬರ್ 26ರ ಭಾನುವಾರ ಆ ಕೆರೆಯಂಚಿನಲ್ಲಿ, ಎಮ್ಮೆ ಕಾಲೂರಿದ ಗುಳಿಯೊಂದರೊಳಗೆ, ಎರಡು ಮಿಲಿಮೀಟರ್ ಎತ್ತರದ ಹಾವಸೆ ಕಂಡೆ. ಅದರ ಹೆಸರು ಒಂದು ಹದಕ್ಕೆ ಬಂದದ್ದು ಜನವರಿ 14ಕ್ಕೆ. ನಡುವಿನ ಏಳು ವಾರಗಳಲ್ಲಿ ಮೂರು ವಾರ ನಾನು ತಪ್ಪು ಹೆಸರನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಸುಮ್ಮನೆ ಓಡಾಡಿದ್ದಲ್ಲ, ಎದೆಯುಬ್ಬಿಸಿಕೊಂಡೇ ಓಡಾಡಿದೆ. ಎಲ್ಲಿ ತಪ್ಪಿದೆ, ಯಾವುದು ಸರಿದಾರಿಗೆ ತಂದಿತು ಎಂಬುದನ್ನು ದಿನಾಂಕಸಹಿತ ಬರೆದಿಡುತ್ತಿದ್ದೇನೆ. ಕೆಸರಿನ ಹಾವಸೆಯ ಬೆನ್ನು ಹತ್ತುವ ಇನ್ನೊಬ್ಬರಿಗೆ ನಾನು ಗುರುತಿಸಿದ ಹೆಸರಿಗಿಂತ ನಾನು ಎಡವಿದ ಜಾಗಗಳೇ ಹೆಚ್ಚು ಪ್ರಯೋಜನಕ್ಕೆ ಬಂದಾವು.

ನಾನು ಕುಮಟೆಯಲ್ಲಿ ಹುಡುಗರಿಗೆ ಜೀವಶಾಸ್ತ್ರ ಹೇಳುವವನು. ಹಾವಸೆ ನನ್ನ ಓದಿನ ವಿಷಯವಲ್ಲ, ರಜೆಯ ಚಟ. ಮೊದಲು ಹೆಸರಿನ ಒಂದು ತಕರಾರು ಮುಗಿಸಿಬಿಡುತ್ತೇನೆ. ನಮ್ಮ ಕಡೆ ಬಚ್ಚಲ ಕಲ್ಲಿನ ಲೋಳೆಗೂ, ಅಡಿಕೆ ಮರದ ಬೊಡ್ಡೆಗೆ ಹತ್ತಿದ ಹಸಿರು ಮಖಮಲ್ಲಿಗೂ, ಬಾವಿಯ ನೀರ ಮೇಲೆ ಕಟ್ಟಿದ ಪದರಕ್ಕೂ ಹಾವಸೆ, ಪಾಚಿ ಎಂಬ ಎರಡೇ ಮಾತು, ಅವೂ ಅದಲುಬದಲು. ಇಲ್ಲಿ ನಾನು ಕಾಂಡ, ಎಲೆ ಎಂದು ಗುರುತಿಸಬಹುದಾದ ಪುಟ್ಟ ಗಿಡಕ್ಕೆ ಹಾವಸೆ ಎಂದೂ, ಬರೀ ಲೋಳೆ–ಎಳೆಗಳಿಗೆ ಪಾಚಿ ಎಂದೂ ಹೇಳುತ್ತೇನೆ. ಈ ಗೆರೆ ಕೂಡ ಕೆಸರಿನಲ್ಲಿ ನಿಲ್ಲುವುದಿಲ್ಲ ಎಂಬುದು ಮುಂದೆ ಬರುತ್ತದೆ.

ಮಲೆನಾಡಿನಲ್ಲಿ ಹಾವಸೆ ಹುಡುಕಲು ಕೆರೆಯಂಚಿಗೆ ಹೋಗುವವರು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಇಲ್ಲಿ ಮರ, ಬಂಡೆ, ಹೆಂಚು, ದಣಪೆ ಎಲ್ಲವೂ ಹಸಿರಾಗಿರುತ್ತವೆ. ಎಲ್ಲೆಲ್ಲೂ ಇದ್ದಾಗ ಕೆಸರಿಗೆ ಯಾರು ಇಳಿಯುತ್ತಾರೆ? ಆದರೆ ಕೆಸರಿನ ಹಾವಸೆಯ ಹಂಗಾಮು ಮಳೆಗಾಲವಲ್ಲ. ಆಗ ಅದರ ನೆಲ ನೀರಿನಡಿ ಇರುತ್ತದೆ. ಮಳೆ ಹೋಗಿ, ನೀರು ಹಿಂದೆ ಸರಿದು, ನೆಲ ಎದ್ದು, ಆ ನೆಲ ಒಣಗಿ ಬಿರಿಯುವುದರೊಳಗೆ ಅದರ ಹುಟ್ಟು, ಬೆಳೆ, ಬೀಜಾಣು, ಸಾವು ಎಲ್ಲ ಮುಗಿಯಬೇಕು. ಸಿಗುವುದು ಕೆಲವೇ ವಾರ. ಅದಕ್ಕೇ ಅದು ಸಣ್ಣದು. ಮೇಲಿನಿಂದ ಜೇಕಿನ ಹುಲ್ಲು ಇಳಿದು ಬಂದು ಮುಚ್ಚಿಬಿಡುವ ಮುಂಚೆ ಕೆಲಸ ಮುಗಿಸಬೇಕಾದ ಗಿಡ ಎತ್ತರಕ್ಕೆ ಬೆಳೆಯಲು ಹೊತ್ತು ಹಾಳುಮಾಡುವುದಿಲ್ಲ. 1979ರಲ್ಲಿ ಡಚ್ ವಿಜ್ಞಾನಿ ಹೈನ್ಯೊ ಡ್ಯೂರಿಂಗ್ ಹಾವಸೆಗಳನ್ನು ಅವುಗಳ ಬದುಕುವ ರೀತಿಯ ಮೇಲೆ ಗುಂಪು ಮಾಡಿದಾಗ ಇಂಥವನ್ನು ಒಂದು ಬೇರೆಯೇ ಪಂಗಡವಾಗಿ ಇಟ್ಟರು: ಅಲ್ಪಾಯುಷ್ಯದ ಗಿಡ, ದೊಡ್ಡ ಬೀಜಾಣು, ಬಿದ್ದ ಜಾಗದಲ್ಲೇ ಮಣ್ಣಿನೊಳಗೆ ಕಾದಿದ್ದು ಮತ್ತೆ ಅಲ್ಲೇ ಎದ್ದೇಳುವ ಕ್ರಮ. ನಮ್ಮ ಗದ್ದೆಗೆ ಬಿದ್ದ ಕಳೆಬೀಜದ ಲೆಕ್ಕವೇ ಇದು.

ಆ ವರ್ಷ ರಾಜ್ಯಕ್ಕೇ ಮಳೆ ಕೈಕೊಟ್ಟಿತ್ತು. ಮಾವನ ಕೆರೆಯೂ ಬೇಗ ಇಳಿಯತೊಡಗಿತ್ತು.

ಮೊದಲ ದಿನ

ಬೆಳಿಗ್ಗೆ ಎಂಟೂವರೆ. ಇಬ್ಬನಿ ಇನ್ನೂ ಆರಿರಲಿಲ್ಲ. ಈ ಹೊತ್ತನ್ನು ಬೇಕೆಂದೇ ಆರಿಸಿಕೊಂಡದ್ದು: ಒದ್ದೆಯಾದಾಗ ಹಾವಸೆಯ ಎಲೆ ಬಿಚ್ಚಿರುತ್ತದೆ, ಬಣ್ಣ ಎದ್ದು ಕಾಣುತ್ತದೆ. ಬಿಸಿಲೇರಿದ ಮೇಲೆ ಅದೇ ಗಿಡ ಮುದುಡಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಸಲಕರಣೆ ಏನೂ ದೊಡ್ಡದಲ್ಲ. ಹತ್ತು ಪಟ್ಟು ಮತ್ತು ಇಪ್ಪತ್ತು ಪಟ್ಟು ಹಿಗ್ಗಿಸುವ ಎರಡು ಲೆನ್ಸು, ಅಡಿಕೆ ಸುಲಿಯುವ ಹಳೆ ಕತ್ತಿಯ ತುಂಡು, ಖಾಲಿ ಬೆಂಕಿಪೊಟ್ಟಣಗಳು, ಮತ್ತೆ ಮೊಳಕಾಲಿಗೆ ಹಾಕಿಕೊಳ್ಳಲು ಒಂದು ಅಡಿಕೆ ಹಾಳೆ. ಕೆಸರಿನಲ್ಲಿ ಹಾಳೆಯಷ್ಟು ಒಳ್ಳೆಯ ಮಣೆ ಇನ್ನೊಂದಿಲ್ಲ. ನೀರು ಹೀರುವುದಿಲ್ಲ, ಹೂತೂ ಹೋಗುವುದಿಲ್ಲ.

ನೀರಿನ ಅಂಚಿನಿಂದ ಜೇಕಿನ ಹುಲ್ಲು ಶುರುವಾಗುವ ತನಕ ಹತ್ತು ಹನ್ನೆರಡು ಹೆಜ್ಜೆಯಷ್ಟು ಬರೀ ಕೆಸರು. ನಿಂತು ನೋಡಿದರೆ ಏನೂ ಇಲ್ಲ. ಬಗ್ಗಿ ನೋಡಿದರೆ ಕವಲೊಡೆದ ಹಸಿರು ಪಟ್ಟಿಗಳು ಚಕ್ರದ ಹಾಗೆ ಹರಡಿಕೊಂಡಿದ್ದವು. ಅದು ರಿಕ್ಸಿಯಾ. ಹಾವಸೆಯ ದಾಯಾದಿ, ಕೊಯ್ಲಾದ ಭತ್ತದ ಗದ್ದೆಯಲ್ಲಿ ಸಾಲುಗಟ್ಟಿ ಬರುತ್ತದೆ, ಗುರುತಿಸಲು ಲೆನ್ಸೂ ಬೇಡ. ಅದನ್ನು ಬಿಟ್ಟು ಮೊಳಕಾಲೂರಿದ ಮೇಲೆ ಗೊರಸಿನ ಗುಳಿಗಳ ಒಳಗೋಡೆ ಕಣ್ಣಿಗೆ ಬಿತ್ತು. ಗುಳಿಯ ತಳದಲ್ಲಿ ನೀರು, ಮೇಲಂಚು ಒಣಗಿ ಬಿಳಿಚಿದೆ, ನಡುವಿನ ಇಳಿಜಾರಿನಲ್ಲಿ ಮಾತ್ರ ಎಳ್ಳಿನ ಕಾಳು ಚೆಲ್ಲಿದಂತೆ ಹಸಿರು ಚುಕ್ಕಿ. ಮೊಣಕೈ ಊರಿ ಲೆನ್ಸು ಕಣ್ಣಿಗೆ ಹಚ್ಚಿದೆ. ಲೆನ್ಸು ಕಣ್ಣಿಗೆ ಅಂಟಿರಬೇಕು, ಮುಖವೇ ಕೆಸರಿನ ಹತ್ತಿರ ಹೋಗಬೇಕು. ಹೊಸಬರು ಪೇಪರು ಓದುವ ಅಜ್ಜನ ಹಾಗೆ ಲೆನ್ಸನ್ನು ದೂರ ಹಿಡಿದು ಏನೂ ಕಾಣದೆ ಎದ್ದುಬಿಡುತ್ತಾರೆ.

ಒಂದೊಂದು ಚುಕ್ಕಿಯೂ ಒಂದು ಪುಟ್ಟ ಹೂವಿನಂತಿತ್ತು. ಆರೆಂಟು ಎಲೆ ಸುತ್ತ ಬಿಚ್ಚಿಕೊಂಡಿವೆ. ಎಲೆಯೊಳಗಿನ ಜೀವಕೋಶಗಳು ಎಷ್ಟು ದೊಡ್ಡವೆಂದರೆ ಇಪ್ಪತ್ತರ ಲೆನ್ಸಿಗೇ ಮೀನುಬಲೆಯ ಕಣ್ಣಿನಂತೆ ಕಂಡವು. ಎಲೆಗಳ ನಡುವೆ, ಒತ್ತೊತ್ತಾಗಿ, ಕಿತ್ತಳೆ–ಕಂದು ಬಣ್ಣದ ಉರುಟು ಉರುಟಾದ ಏನೋ.

"ಎಂತ ಕಳ್ಕಂಡ್ಯೋ ತಮಾ, ಉಂಗುರನಾ?"

ಏರಿಯ ಮೇಲೆ ಮಾವ ನಿಂತಿದ್ದ.

"ಹಾವಸೆ ನೋಡ್ತಾ ಇದ್ದಿ ಮಾವಾ."

"ಹಾವಸೆ ನೋಡಲೆ ಕುಮಟೆಯಿಂದ ಘಟ್ಟ ಹತ್ತಿ ಬಂದ್ಯಾ? ನಮ್ಮನೆ ಬಚ್ಚಲ ಕಲ್ಲ ಮೇಲೇ ಬೇಕಾದಷ್ಟು ಇದ್ದಲಾ."

ನಾನು ಉತ್ತರಿಸಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಮೆರವಣಿಗೆ ಹೊರಟಿತ್ತು.

ಆಸೆಯ ಹೆಸರು

ಹಾವಸೆಯಲ್ಲಿ ಬೀಜಾಣು ತುಂಬಿದ ಪುಟ್ಟ ಕುಡಿಕೆ ಒಂದು ದಂಟಿನ ತುದಿಯಲ್ಲಿ ಇರುತ್ತದೆ. ಕೆಸರಿನ ಕೆಲವು ಹಾವಸೆಗಳಲ್ಲಿ ಮಾತ್ರ ದಂಟು ಬೆಳೆಯುವುದೇ ಇಲ್ಲ. ಉರುಟಾದ ಕುಡಿಕೆ ಎಲೆಗಳ ನಡುವೆಯೇ ಕೂತಿರುತ್ತದೆ. ಅದಕ್ಕೆ ಮುಚ್ಚಳವೂ ಇಲ್ಲ, ಗೋಡೆ ಕೊಳೆತು ಒಡೆದಾಗಲೇ ಬೀಜಾಣು ಹೊರಬೀಳುವುದು. ಎಫಿಮೆರಂ ಹಾಗೆ. ಫಿಸ್ಕೊಮಿಟ್ರೆಲ್ಲಾ ಪೇಟೆನ್ಸ್ ಹಾಗೆ.

ಈ ಎರಡನೆಯ ಹೆಸರು ಜೀವಶಾಸ್ತ್ರದ ಮೇಷ್ಟರಿಗೆ ಸಣ್ಣ ಹೆಸರಲ್ಲ. 1962ರಲ್ಲಿ ಇಂಗ್ಲೆಂಡಿನ ಗ್ರಾನ್ಸ್‌ಡೆನ್ ಕಾಡಿನಿಂದ ವೈಟ್‌ಹೌಸ್ ಎಂಬ ವಿಜ್ಞಾನಿ ತಂದ ಗಿಡದ ಒಂದೇ ಒಂದು ಬೀಜಾಣುವಿನಿಂದ ಬೆಳೆಸಿದ ಸಂತತಿ ಇವತ್ತಿಗೂ ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. 2008ರಲ್ಲಿ ಅದರ ಇಡೀ ಜೀನೋಮ್ ಓದಿ ಮುಗಿಸಿದರು, ಹಾವಸೆಗಳಲ್ಲಿ ಅದೇ ಮೊದಲು. ಹೊಲಗದ್ದೆಯ ಕೆಸರಿನಿಂದ ಎದ್ದು ಪ್ರಯೋಗಾಲಯದ ಗಾಜಿನ ಬಟ್ಟಲಿಗೆ ಹೋದ ಗಿಡ ನಮ್ಮ ಮಾವನ ಕೆರೆಯಲ್ಲಿ, ಎಮ್ಮೆಯ ಕಾಲಡಿ! ಎಲೆಯ ನಡುವೆ ಉರುಟಾದದ್ದು ಕಂಡಿದೆ, ದಂಟಿಲ್ಲ, ದೊಡ್ಡ ದೊಡ್ಡ ಜೀವಕೋಶ, ಒಣಗುತ್ತಿರುವ ಕೆರೆಯ ಕೆಸರು. ಎಲ್ಲ ತಾಳೆಯಾಯಿತು. ತಾಳೆಯಾದದ್ದನ್ನಷ್ಟೇ ನಾನು ನೋಡಿದೆ ಎನ್ನುವುದು ಆಗ ಹೊಳೆಯಲಿಲ್ಲ.

ಖುಷಿಯಲ್ಲಿ ಇನ್ನೊಂದು ತಪ್ಪನ್ನೂ ಮಾಡಿದೆ. ಮನೆಗೆ ಬಂದವನೇ ಅರ್ಧ ಮಾದರಿಯನ್ನು ನಲ್ಲಿಯ ನೀರಿಗೆ ಹಿಡಿದು ತೊಳೆದೆ. ಕೆಸರು ಹೋಯಿತು, ಜೊತೆಗೆ ಬುಡದ ಬೇರೆಳೆಗಳೂ, ಬುಡವನ್ನು ಸುತ್ತಿದ್ದ ಹಸಿರು ಎಳೆಜಾಲವೂ ಹೋದವು. ಕೆಸರಿನ ಹಾವಸೆಗೆ ಆ ಎಳೆಜಾಲ ಬರೀ ಕಸವಲ್ಲ. ಬೀಜಾಣು ಮೊಳೆತಾಗ ಮೊದಲು ಬರುವುದೇ ಅದು. ಎಫಿಮೆರಂನಲ್ಲಂತೂ ಗಿಡದ ಬಹುಪಾಲು ಅದೇ, ಕೊನೆಯತನಕ ಉಳಿದಿರುತ್ತದೆ. ಅದು ಇದೆಯೋ ಇಲ್ಲವೋ ಎಂಬುದೇ ಒಂದು ಗುರುತು. ನಾನು ಗುರುತನ್ನು ಬಚ್ಚಲಿಗೆ ಹರಿಸಿಬಿಟ್ಟೆ. ಸರಿಯಾದ ಕ್ರಮ ಬೇರೆ: ಒಂದು ಸೆಂಟಿಮೀಟರ್ ದಪ್ಪದ ಕೆಸರಿನ ಹೋಳನ್ನು ಗಿಡಸಹಿತ ಎತ್ತಬೇಕು, ಬಟ್ಟಲಿನ ನೀರಿನಲ್ಲಿ ಅರ್ಧ ಗಂಟೆ ಬಿಡಬೇಕು, ಮಣ್ಣು ತಾನಾಗಿ ಸಡಿಲಾದ ಮೇಲೆ ಡ್ರಾಪರಿನಿಂದ ಒಂದೊಂದೇ ಹನಿ ಬಿಟ್ಟು, ಮಕ್ಕಳ ಬಣ್ಣದ ಬ್ರಷ್ಷಿನಿಂದ ಸವರಬೇಕು. ತಾಳ್ಮೆ ಇಲ್ಲದವರು ಬಂಡೆಯ ಹಾವಸೆ ನೋಡಿಕೊಂಡಿರುವುದು ಒಳ್ಳೆಯದು.

ಉಳಿದರ್ಧ ಬೆಂಕಿಪೊಟ್ಟಣದಲ್ಲಿತ್ತು. ಅದೇ ಕಾಪಾಡಿತು.

ಸೂಕ್ಷ್ಮದರ್ಶಕದ ಕೆಳಗೆ

ಪರೀಕ್ಷೆ, ಮೌಲ್ಯಮಾಪನ ಎಂದು ಮೂರು ವಾರ ಹೋಯಿತು. ಡಿಸೆಂಬರ್ 16ರ ಶನಿವಾರ ಮಧ್ಯಾಹ್ನ, ಹುಡುಗರೆಲ್ಲ ಹೋದಮೇಲೆ, ಒಂದು ಗಿಡವನ್ನು ನೀರಹನಿಯಲ್ಲಿಟ್ಟು, ಎಲೆಗಳನ್ನು ಸೂಜಿಯಿಂದ ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕಿತ್ತಳೆ ಬಣ್ಣದ ಕುಡಿಕೆ ಕಾಣಬೇಕು, ಒತ್ತಿದರೆ ಬೀಜಾಣು ಚೆಲ್ಲಬೇಕು.

ಕಂಡದ್ದು ಒಂದು ಕುಡಿಕೆಯಲ್ಲ, ಹತ್ತಾರು ಸಣ್ಣ ಸಣ್ಣ ಉದ್ದುರುಟು ಚೀಲಗಳು. ಅವುಗಳ ನಡುವೆ, ಮಣಿ ಪೋಣಿಸಿದಂತಹ ಹಸಿರು ಎಳೆಗಳು, ಪ್ರತಿಯೊಂದರ ತುದಿಯ ಕೋಶವೂ ಚೆಂಡಿನಂತೆ ಊದಿಕೊಂಡಿದೆ. ಎರಡು ನಿಮಿಷ ಸುಮ್ಮನೆ ಕೂತೆ. ಚೀಲಗಳು ಆಂಥೆರಿಡಿಯಂ, ಅಂದರೆ ಹಾವಸೆಯ ಗಂಡು ಅಂಗಗಳು. ಹಣ್ಣಾದಾಗ ಹೀಗೇ ಕಿತ್ತಳೆಗೆ ತಿರುಗುತ್ತವೆ. ತುದಿ ಊದಿದ ಎಳೆಗಳು ಅವುಗಳ ಸಂಗಡಿಗರು, ಫ್ಯುನೇರಿಯಾ ಎಂಬ ಹಾವಸೆಯ ಕುಟುಂಬದ ಸೊತ್ತು. ನಾನು ಮೂರು ವಾರ ಹೊತ್ತು ತಿರುಗಿದ 'ದಂಟಿಲ್ಲದ ಕುಡಿಕೆ' ಕುಡಿಕೆಯೇ ಅಲ್ಲ. ಮಾವಿನ ಹೂ ನೋಡಿ ಹಣ್ಣಿನ ಜಾತಿ ಹೇಳಿದ ಹಾಗಾಗಿತ್ತು ನನ್ನ ಕತೆ.

ಒಂದು ಲಾಭವಂತೂ ಆಯಿತು: ಕುಟುಂಬ ಖಚಿತವಾಯಿತು. ತೆಳುಗೋಡೆಯ ದೊಡ್ಡ ಆಯತಾಕಾರದ ಕೋಶಗಳ ಬಲೆ, ಮೇಲರ್ಧದಲ್ಲಿ ಅಗಲವಾದ ಎಲೆ, ಊದಿದ ಎಳೆತುದಿ. ಮೂರೂ ಫ್ಯುನೇರಿಯಾ ಮನೆತನದ ಗುರುತು. ಅದೇ ಜಾಗದಲ್ಲಿ ಸಿಗುವ ಬೇರೆಯವರನ್ನು ಇವೇ ಹೊರಗಟ್ಟುತ್ತವೆ. ಫಿಸಿಡೆನ್ಸ್ ಆದರೆ ಎಲೆಗಳು ಎರಡೇ ಸಾಲಿನಲ್ಲಿ, ಗರಿಯ ಹಾಗೆ ಚಪ್ಪಟೆ, ಪ್ರತಿ ಎಲೆಯ ಬುಡದಲ್ಲೂ ಒಂದು ಜೇಬು. ಬ್ರೈಯಂ ಆದರೆ ಕೋಶಗಳು ಸಣ್ಣವು, ಓರೆಚೌಕದವು. ಫಿಲೊನೋಟಿಸ್ ಆದರೆ ಕೋಶಗಳ ಮೇಲೆ ಸಣ್ಣ ಗುಬ್ಬಿ, ಗಿಡಕ್ಕೆ ಒಂದು ಬೂದು ಹೊಳಪು. ಇಷ್ಟರ ಮಟ್ಟಿಗೆ ಎಲೆಯೇ ಸಾಕು.

ಎಲೆಯ ಮಾತು ಅಲ್ಲಿಗೆ ಮುಗಿಯುತ್ತದೆ. ಈ ಮನೆತನದೊಳಗೆ ಎಲೆಗಳೆಲ್ಲ ಅಕ್ಕತಂಗಿಯರ ಹಾಗೆ. ಯಾರು ಯಾರೆಂದು ಹೇಳುವುದು ಕುಡಿಕೆ. 1969ರಿಂದ 1980ರವರೆಗೆ ಕಂತು ಕಂತಾಗಿ ಬಂದ ಎಚ್.ಸಿ. ಗಾಂಗುಲಿಯವರ ಪೂರ್ವ ಭಾರತದ ಹಾವಸೆಗಳ ಸಂಪುಟಗಳನ್ನು ಬಿಡಿಸಿದರೂ ಅಷ್ಟೇ, ಒಂದೆರಡು ಹೆಜ್ಜೆಯಲ್ಲೇ ಕುಡಿಕೆಯ ಪ್ರಶ್ನೆ ಎದುರಾಗುತ್ತದೆ. ನನ್ನ ಬಳಿ ಕುಡಿಕೆ ಇರಲಿಲ್ಲ.

ಹಾಳೆ ಹೇಳಿದ ತಿಥಿ

ಡಿಸೆಂಬರ್ 24ಕ್ಕೆ ಮತ್ತೆ ಹೋದೆ. ಈ ಸಲ ಮಾವ ಜೊತೆಗೇ ಇಳಿದ. ನಾನು ಅಭ್ಯಾಸಬಲದಿಂದ ಸೀದಾ ನೀರಿನ ಅಂಚಿಗೆ ಹೋಗಿ ಬಗ್ಗಿದೆ. ಕೆಸರಿನ ಮೇಲೆ ತೆಳ್ಳನೆ ಹಸಿರು ಪೊರೆ ಬಿಟ್ಟರೆ ಏನಿಲ್ಲ. ಗುಳಿಯೂ ಇಲ್ಲ, ಗಿಡವೂ ಇಲ್ಲ. ಒಣಗಿಹೋಯಿತೇನೋ ಎಂದುಕೊಂಡೆ.

"ಅಲ್ಲೆಂತ ಮಾಡ್ತೆ? ಹೋದ ಸಲ ನೀ ಮೊಳಕಾಲು ಊರಿದ ಜಾಗ ಇಲ್ಲಿದ್ದು ನೋಡು. ನಿನ್ನ ಹಾಳೆ ಇನ್ನೂ ಬಿದ್ಕಂಡಿದ್ದು."

ತಿರುಗಿ ನೋಡಿದರೆ ನನ್ನಿಂದ ಹದಿನೈದು ಹೆಜ್ಜೆ ಮೇಲೆ, ಜೇಕಿನ ಹುಲ್ಲಿಗೆ ತಾಗಿಕೊಂಡೇ, ಮರೆತು ಬಿಟ್ಟುಹೋದ ಹಾಳೆ. ಹುಲ್ಲು ಅದರ ಮೇಲೂ ಹತ್ತತೊಡಗಿತ್ತು. ಮಾವ ಅಲ್ಲೇ ನಿಂತು ಕೈಯಲ್ಲಿ ಗೆರೆ ಎಳೆದಂತೆ ತೋರಿಸಿದ: "ನವರಾತ್ರಿಗೆ ನೀರು ಈ ಹಾಳೆ ಇದ್ದಲ್ಲಿಗಿತ್ತು. ದೀಪಾಳಿಗೆ ಆ ಕಲ್ಲು ಎದ್ದು ಕಂಡ್ತು. ಸಂಕ್ರಾಂತಿ ಹೊತ್ತಿಗೆ ಆ ಕುಂಟೆವರೆಗೆ ನಡದೇ ಹೋಪಲಾಗ್ತು."

ಅವನಿಗೆ ಇದು ಬೇಸಿಗೆಯಲ್ಲಿ ತೋಟಕ್ಕೆ ನೀರು ಸಾಲುತ್ತದೋ ಇಲ್ಲವೋ ಎಂಬ ಲೆಕ್ಕ. ನನಗೆ ಅದೇ ಕೀಲಿಕೈ. ಕೆರೆಯ ಇಳಿಜಾರು ಪೂರ್ತಿ ಒಂದು ಪಂಚಾಂಗ. ಮೇಲಿನ ಪಟ್ಟಿ ಎದ್ದು ಒಂಬತ್ತು ವಾರ, ಕಲ್ಲಿನ ಪಟ್ಟಿ ಆರು ವಾರ, ನೀರಂಚಿನ ಹಸಿರು ಪೊರೆ ಎರಡು ವಾರದ್ದು. ಮೂರೂ ಪಟ್ಟಿಯಲ್ಲಿ ಮೊಳಕಾಲೂರುತ್ತಾ ಮೇಲಕ್ಕೆ ಹೋದೆ.

ನೀರಂಚಿನ ಪೊರೆಯನ್ನು ನಾನು ಪಾಚಿ ಎಂದೇ ತಳ್ಳಿಹಾಕಿದ್ದೆ. ಅದರ ಚೂರನ್ನು ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಲವು ಎಳೆಗಳ ಅಡ್ಡಗೋಡೆಗಳು ಓರೆಯಾಗಿದ್ದವು. ಪಾಚಿಯ ಎಳೆಯಲ್ಲಿ ಅಡ್ಡಗೋಡೆ ನೇರ. ಹಾವಸೆಯ ಎಳೆಜಾಲ ಬಲಿತಂತೆ ಗೋಡೆ ಓರೆಯಾಗುತ್ತದೆ. ಅಲ್ಲಲ್ಲಿ ಎಳೆಯ ಮೇಲೆ ಮೊಗ್ಗಿನಂತೆ ಮೂರುನಾಲ್ಕು ಕೋಶಗಳ ಗಂಟು ಕೂತಿತ್ತು, ನಾಳಿನ ಗಿಡ. ಹಾವಸೆ ಬೇರೆ ಪಾಚಿ ಬೇರೆ ಎಂದು ಮೊದಲು ಎಳೆದ ಗೆರೆ ಅಳಿಸಿದ್ದು ಇಲ್ಲಿ.

ಕಲ್ಲಿನ ಪಟ್ಟಿಯಲ್ಲಿ ಕಿತ್ತಳೆ ನಡುವಿನ ಗಂಡು ಹೂಗಳು. ಅಂದರೆ ನಾನು ನವೆಂಬರಿನಲ್ಲಿ ಮೇಲೆ ಕಂಡದ್ದೇ ಈಗ ಕೆಳಗಿಳಿದಿದೆ. ಹಾಳೆಯ ಹತ್ತಿರ, ಅದೇ ಗೊರಸಿನ ಗುಳಿಯಲ್ಲಿ, ಅವೇ ಗಿಡಗಳ ಪಕ್ಕದ ಕವಲಿನಿಂದ ದಂಟುಗಳು ಎದ್ದಿದ್ದವು. ಈ ಮನೆತನದಲ್ಲಿ ಸಾಮಾನ್ಯವಾಗಿ ಒಂದೇ ಗಿಡದಲ್ಲಿ ಗಂಡೂ ಹೆಣ್ಣೂ ಇರುತ್ತವೆ. ಇಲ್ಲಿ ಗಂಡು ಮೊದಲು ಬಂದಿತ್ತು, ಹೆಣ್ಣಿನ ಕವಲು ಹಿಂದಿನಿಂದ. ನಾಲ್ಕೈದು ಮಿಲಿಮೀಟರ್ ದಂಟು, ತುದಿಯಲ್ಲಿ ಹಸಿರು ಕುಡಿಕೆ, ಅದರ ಮೇಲೊಂದು ಉದ್ದ ಮೂತಿಯ ಟೊಪ್ಪಿಗೆ. ದಂಟು ಎದ್ದದ್ದೇ ಫಿಸ್ಕೊಮಿಟ್ರೆಲ್ಲಾ ಬಿದ್ದುಹೋಯಿತು. ಬೇಸರವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಈಚಿನ ವರ್ಷಗಳಲ್ಲಿ ಫಿಸ್ಕೊಮಿಟ್ರೆಲ್ಲಾ ಪೇಟೆನ್ಸನ್ನೂ ಫಿಸ್ಕೊಮಿಟ್ರಿಯಂ ಕುಲಕ್ಕೇ, ಅಂದರೆ ನನ್ನ ಗಿಡ ಕೊನೆಗೆ ಹೋಗಿ ಸೇರಿದ ಕುಲಕ್ಕೇ, ಸೇರಿಸಿದ್ದಾರೆ, ಹಾಗಾಗಿ ನನ್ನ ತಪ್ಪು ಕುಲದ ಮಟ್ಟಿಗೆ ತಪ್ಪೇ ಅಲ್ಲ ಎಂದು ಆಮೇಲೆ ಸಮಾಧಾನ ಮಾಡಿಕೊಂಡದ್ದೂ ಉಂಟು.

ಬಾಯಿ ತೆರೆಯುವವರೆಗೆ

ಹಸಿರು ಕುಡಿಕೆ ಅರ್ಧ ಮಾತನ್ನಷ್ಟೇ ಹೇಳುತ್ತದೆ. ಉಳಿದರ್ಧ ಮುಚ್ಚಳ ಬಿದ್ದ ಮೇಲೆ. ಹಾಗಾಗಿ ಕೆಸರಿನ ಎರಡು ಹೋಳುಗಳನ್ನು ಕೊಯ್ದು, ಮಾವನ ಮನೆಯ ಹಾಳೆಕೊಟ್ಟೆಯಲ್ಲಿ ಕೂರಿಸಿ, ಒದ್ದೆ ಬಟ್ಟೆ ಮುಚ್ಚಿ ಘಟ್ಟ ಇಳಿಸಿದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಮಡಿಲಲ್ಲಿಟ್ಟುಕೊಂಡು ಕೂತದ್ದನ್ನು ನೋಡಿ ಬಸ್ಸಿನ ಪಕ್ಕದ ಸೀಟಿನವರು ಪ್ರಸಾದವೋ ಎಂದು ಕೇಳಿದರು.

ಮನೆಯಲ್ಲಿ ಉತ್ತರದ ಕಿಟಕಿಯ ಬಳಿ, ಬಿಸಿಲು ನೇರ ಬೀಳದಂತೆ ಇಟ್ಟೆ. ಕರಾವಳಿಯ ಸೆಕೆ ಅದಕ್ಕೆ ಒಗ್ಗುವುದಿಲ್ಲವೇನೋ ಎಂಬ ಹೆದರಿಕೆಯಿತ್ತು, ಆದರೆ ಒಂದು ಹೋಳು ಬದುಕಿತು. ಹದಿನೈದು ದಿನದಲ್ಲಿ ಕುಡಿಕೆ ಕಂದಾಯಿತು. ಜನವರಿ ಎರಡನೇ ವಾರ ಮುಚ್ಚಳಗಳು ಬಿದ್ದವು.

ಇಲ್ಲಿ ಹೋಲಿಕೆಗೆ ನನಗೆ ಒಂದು ಗೊತ್ತಿದ್ದ ಗಿಡವಿತ್ತು. ಬಚ್ಚಲ ಒಲೆಯ ಬೂದಿ ಚೆಲ್ಲುವ ಜಾಗದಲ್ಲಿ, ಸೊಪ್ಪು ಸುಟ್ಟ ಬೇಣದಲ್ಲಿ ದಟ್ಟವಾಗಿ ಬರುವ ಫ್ಯುನೇರಿಯಾ ಹೈಗ್ರೊಮೆಟ್ರಿಕಾ. ಅದರ ದಂಟು ಉದ್ದ, ತುದಿ ಬಾಗಿ ಕುಡಿಕೆ ಜೋತುಬಿದ್ದಿರುತ್ತದೆ. ಕುಡಿಕೆ ಒಂದು ಬದಿಗೆ ಡೊಂಕು. ಟೊಪ್ಪಿಗೆ ಒಂದೇ ಬದಿಯಲ್ಲಿ ಸೀಳಿದ ಊದಿದ ಕುಲಾವಿ. ಬಾಯಿಯಲ್ಲಿ ಎರಡು ಸುತ್ತು ಹಲ್ಲು, ಒಂದೊಂದು ಸುತ್ತಿಗೆ 16. ದಂಟಿಗೆ ಉಸಿರಿನ ತೇವ ತಾಗಿಸಿದರೆ ಹುರಿಯ ಹಾಗೆ ತಿರುಗುತ್ತದೆ. ಆ ತಿರುಗಾಟವೇ ಅದಕ್ಕೆ 'ತೇವಮಾಪಕ' ಎಂಬರ್ಥದ ಹೆಸರು ತಂದದ್ದು. ಹುಡುಗರಿಗೆ ತೋರಿಸಿದರೆ ಚಪ್ಪಾಳೆ ತಟ್ಟುತ್ತಾರೆ.

ಕಿಟಕಿಯ ಗಿಡದಲ್ಲಿ ಇದಾವುದೂ ಇಲ್ಲ. ದಂಟು ಗಿಡ್ಡ, ನೆಟ್ಟಗೆ. ಕುಡಿಕೆ ಎಲ್ಲ ಬದಿಗೂ ಸಮ. ಟೊಪ್ಪಿಗೆಯ ಅಂಚು ಒಂದೇ ಕಡೆ ಸೀಳದೆ ಸುತ್ತಲೂ ತುಂಡುತುಂಡಾಗಿ ಕತ್ತರಿಸಿದ ಹಾಗೆ. ಮುಚ್ಚಳ ಬಿದ್ದ ಬಾಯಿ ಬೋಳು, ಒಂದೂ ಹಲ್ಲಿಲ್ಲ, ಒಣಗಿದಾಗ ಪುಟ್ಟ ಲೋಟದ ಹಾಗೆ ಅಗಲಕ್ಕೆ ತೆರೆದುಕೊಂಡಿತು. ಇಷ್ಟೂ ಸೇರಿ ಫಿಸ್ಕೊಮಿಟ್ರಿಯಂ.

'ಇಷ್ಟೂ ಸೇರಿ' ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೋಳುಬಾಯಿ ಒಂದನ್ನೇ ನಂಬಿದ್ದರೆ ಅದೇ ಕೆರೆಯ ತೂಬಿನ ಸಿಮೆಂಟಿನ ಮೇಲಿದ್ದ ಹಾವಸೆಯನ್ನೂ ಇದೇ ಎನ್ನಬೇಕಾಗುತ್ತಿತ್ತು. ಅದು ಹಯೋಫಿಲಾ ಇನ್‌ವೊಲ್ಯೂಟಾ. ನಮ್ಮ ಕಡೆಯ ಗೋಡೆ, ಮೋರಿಗಳ ಮೇಲೆ ಹಾಸಿಬಿದ್ದಿರುವ ಗಿಡ. ಅದಕ್ಕೂ ಹಲ್ಲಿಲ್ಲ. ಆದರೆ ಕುಡಿಕೆ ಕೊಳವೆಯಂತೆ ಉದ್ದ, ಎಲೆಯ ಕೋಶಗಳು ಸಣ್ಣಸಣ್ಣವು, ಒಣಗಿದಾಗ ಎಲೆಯ ಅಂಚುಗಳು ಒಳಕ್ಕೆ ಸುರುಳಿಯಾಗುತ್ತವೆ. ಮನೆತನವೇ ಬೇರೆ.

ಕುಲದಿಂದ ಜಾತಿಗೆ ಇಳಿಯಲು ಬೀಜಾಣು ಅಳೆಯಬೇಕು. ಜನವರಿ 14ರ ಭಾನುವಾರ, ಸೂಕ್ಷ್ಮದರ್ಶಕದ ಕಣ್ಣುಗಾಜಿನ ಅಳತೆಪಟ್ಟಿಯನ್ನು ಮೊದಲು ಗೊತ್ತಿರುವ ಅಳತೆಯ ಸ್ಲೈಡಿಗೆ ತಾಳೆ ಹಾಕಿಕೊಂಡು, ಮೂವತ್ತು ಬೀಜಾಣು ಅಳೆದೆ. ಹೆಚ್ಚಿನವು 28ರಿಂದ 34 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಮೇಲ್ಮೈ ಮುಳ್ಳುಮುಳ್ಳು. ಬೂದಿಗುಡ್ಡೆಯ ಫ್ಯುನೇರಿಯಾದ ಬೀಜಾಣು 20 ಮೈಕ್ರಾನಿನೊಳಗೇ ಇರುತ್ತದೆ, ಗಾಳಿಗೆ ಹಾರಿ ಎಲ್ಲಿ ಬೆಂಕಿ ಬಿದ್ದಿದೆಯೋ ಅಲ್ಲಿಗೆ ಹೋಗಿ ಮುಟ್ಟಬೇಕಾದ ಸರಕು. ಕೆರೆಯ ಗಿಡಕ್ಕೆ ಎಲ್ಲೂ ಹೋಗಬೇಕಿಲ್ಲ. ಬರುವ ವರ್ಷವೂ ನೀರು ಇಲ್ಲೇ ಇಳಿಯುತ್ತದೆ. ಹೋಗಲೇಬೇಕಾದರೆ ಕೊಕ್ಕರೆಯ ಕಾಲಿನ ಕೆಸರಿದೆ, ಎಮ್ಮೆಯ ಗೊರಸಿದೆ.

ಅಗಲ ಬಾಯಿ, ಗಿಡ್ಡ ದಂಟು, ಈ ಗಾತ್ರದ ಮುಳ್ಳುಬೀಜಾಣು ಮೂರೂ ಫಿಸ್ಕೊಮಿಟ್ರಿಯಂ ಯೂರಿಸ್ಟೊಮಂ ಕಡೆಗೆ ಬೆರಳು ತೋರಿಸಿದವು. ಹೆಸರಿನ ಅರ್ಥವೇ ಅಗಲಬಾಯಿಯದು. ಆದರೆ ನಮಗೆ ಹತ್ತಿರದಲ್ಲೇ, ಕೊಡಗಿನ ಹೆಸರನ್ನೇ ಹೊತ್ತ ಇನ್ನೊಂದು ಜಾತಿಯಿದೆ, ಫಿನ್‌ಲೆಂಡಿನ ಬ್ರೊಥೆರಸ್ ಹೆಸರಿಟ್ಟ ಫಿಸ್ಕೊಮಿಟ್ರಿಯಂ ಕೂರ್ಗೆನ್ಸ್. ಅದರ ಮೂಲ ಮಾದರಿಯ ಪಕ್ಕ ನನ್ನ ಮಾದರಿ ಇಟ್ಟು ನೋಡದೆ ಗಟ್ಟಿಯಾಗಿ ಹೇಳಬಾರದು. ಅದಕ್ಕೇ ಪೊಟ್ಟಣದ ಮೇಲೆ ಯೂರಿಸ್ಟೊಮಂ ಎಂಬುದರ ಮುಂದೆ 'ಸಿ.ಎಫ್.' ಎಂದು ಬರೆದೆ, ಹೋಲಿಸಿ ನೋಡತಕ್ಕದ್ದು ಎಂಬ ಅರ್ಥದಲ್ಲಿ. ಒಮ್ಮೆ ಸುಟ್ಟುಕೊಂಡ ಕೈ.

ಪೊಟ್ಟಣದ ಚೀಟಿಯಲ್ಲಿ ಊರು, ದಿನಾಂಕ, ಕೆಸರು ಎಂದು ಬರೆಯುವುದು ವಾಡಿಕೆ. ಈಗ ನಾನು ಇನ್ನೆರಡು ಸಾಲು ಸೇರಿಸುತ್ತೇನೆ: ನೀರಂಚಿನಿಂದ ಎಷ್ಟು ಹೆಜ್ಜೆ, ಆ ನೆಲ ಎದ್ದು ಎಷ್ಟು ವಾರ. ಎರಡನೆಯದನ್ನು ಊರಿನವರನ್ನೇ ಕೇಳಬೇಕು. ದಿನಾಂಕ ಕೇಳಿದರೆ ಹೇಳಲಾರರು, ಹಬ್ಬ ಕೇಳಿದರೆ ಹೇಳುತ್ತಾರೆ.

ಗಜನಿಯಲ್ಲಿ

ಈ ಹುಮ್ಮಸ್ಸಿನಲ್ಲೇ ಫೆಬ್ರವರಿಯಲ್ಲಿ ಅಘನಾಶಿನಿ ಬದಿಯ ಗಜನಿ ಗದ್ದೆಗಳಿಗೂ ಹೋದೆ. ಕಗ್ಗದ ಭತ್ತ ಬೆಳೆಯುವ, ಉಬ್ಬರದ ಉಪ್ಪುನೀರು ಬಂದು ಹೋಗುವ ನೆಲ. ಕೆಸರಂತೂ ಯಥೇಚ್ಛ. ಅರ್ಧ ದಿನ ಬಗ್ಗಿದ್ದಕ್ಕೆ ಬೆನ್ನುನೋವು ಬಿಟ್ಟರೆ ಒಂದು ಎಲೆಯೂ ಸಿಗಲಿಲ್ಲ. ಸಿಗಬಾರದು ಕೂಡ. ಹೆಚ್ಚಿನ ಹಾವಸೆಗೆ ಉಪ್ಪು ಆಗದು, ಸಮುದ್ರದೊಳಗೆ ಬದುಕುವ ಹಾವಸೆ ಜಗತ್ತಿನಲ್ಲೇ ಒಂದೂ ಇಲ್ಲ. ಮಳೆ ತೊಳೆದ ಕಟ್ಟೆಯ ನೆತ್ತಿಯ ಮೇಲೆ ಬ್ರೈಯಂನ ಒಂದು ಬಡಕಲು ತೇಪೆ ಇತ್ತು, ಅಷ್ಟೇ. ಗೊತ್ತಿದ್ದೂ ಹೋದದ್ದಕ್ಕೆ ಹೆಂಡತಿಯಿಂದ ಮಂಗಳಾರತಿಯಾಯಿತು.

ಹೂಳು

ಏಪ್ರಿಲ್‌ನಲ್ಲಿ ಮಾವನ ಫೋನು. ಕೆರೆ ಪೂರ್ತಿ ಬತ್ತಿದೆ, ಊರವರೆಲ್ಲ ಸೇರಿ ಜೆಸಿಬಿ ತರಿಸಿ ಹೂಳು ತೆಗೆಸುತ್ತಿದ್ದೇವೆ, ನಿನ್ನ ಹಾವಸೆ ಇದ್ದರೆ ಈಗಲೇ ಬಂದು ತೆಗೆದುಕೊಂಡು ಹೋಗು ಎಂದ. ತಮಾಷೆಗೆ ಹೇಳಿದ್ದು. ನನಗೆ ತಮಾಷೆ ಅನಿಸಲಿಲ್ಲ. ಬೀಜಾಣುಗಳೆಲ್ಲ ಇರುವುದು ಮೇಲಿನ ಒಂದೆರಡು ಅಂಗುಲದ ಮಣ್ಣಿನಲ್ಲೇ. ಹಾಗೆಂದು ಹೂಳೆತ್ತಬೇಡಿ ಎನ್ನಲಾದೀತೇ? ಆ ವರ್ಷ ತೋಟಗಳು ಒಣಗಿ ನಿಂತಿದ್ದವು, ಕೊಡ ಹಿಡಿದವರ ಮುಂದೆ ಎರಡು ಮಿಲಿಮೀಟರ್ ಗಿಡದ ವಕಾಲತ್ತು ನಡೆಯುವುದಿಲ್ಲ, ನಡೆಯಲೂಬಾರದು. ಕೇಳಿದ್ದು ಇಷ್ಟೇ: ದನ ಇಳಿಯುವ ಬದಿಯ ಇಳಿಜಾರನ್ನು ಕಡಿದಾಗಿ ಕೊರೆಯಬೇಡಿ, ಇದ್ದ ಹಾಗೇ ಬಿಡಿ. ಮಾವ ಒಪ್ಪಿದ. ಹಾವಸೆಗಾಗಿ ಅಲ್ಲ, ಕಡಿದಾದರೆ ಎಮ್ಮೆ ಜಾರುತ್ತದೆ ಎಂದು.

ಉಳಿದ ಹೂಳು ವಾಡಿಕೆಯಂತೆ ಅಡಿಕೆ ತೋಟಕ್ಕೆ ಹೋಯಿತು. ಬುಟ್ಟಿ ಬುಟ್ಟಿ ಮರದ ಬುಡಕ್ಕೆ ಬಿತ್ತು. ಅದರಲ್ಲಿ ಒಂದು ಹಿಡಿ, ಬೂದು ಬಣ್ಣಕ್ಕೆ ಒಣಗಿ ಪುಡಿಯಾದದ್ದು, ಮೊಸರಿನ ಖಾಲಿ ಡಬ್ಬಿಯಲ್ಲಿ ತುಂಬಿ ತಂದೆ. ಮೇ ತಿಂಗಳ ಮೊದಲ ವಾರ ಕುದಿಸಿ ಆರಿಸಿದ ನೀರು ಹಾಕಿ, ಮೇಲೆ ಗಾಜಿನ ತುಂಡು ಮುಚ್ಚಿ, ಅದೇ ಉತ್ತರದ ಕಿಟಕಿಯಲ್ಲಿಟ್ಟೆ. ಹತ್ತು ದಿನ ಏನಿಲ್ಲ. ಮೂರನೆಯ ವಾರ ಅಂಚಿನಲ್ಲಿ ಹಸಿರು ಪೊರೆ. ಸೂಜಿಯಲ್ಲಿ ಒಂದೆಳೆ ಎತ್ತಿ ಸೂಕ್ಷ್ಮದರ್ಶಕದಡಿ ಇಟ್ಟರೆ ಅಡ್ಡಗೋಡೆ ಓರೆ.

ಈ ಸಲ ಹೆಸರು ಬರೆಯಲಿಲ್ಲ. ಡಬ್ಬಿಯ ಮೇಲೆ ದಿನಾಂಕ ಮಾತ್ರ ಹಾಕಿ ಮುಚ್ಚಿಟ್ಟೆ.